ಬೋಗುಣಿ ಹಿಡಿದವಳು

ತಾಮ್ ಅಂದರೆ ನಮ್ಮ ಮಾತಿನಲ್ಲಿ ಎಂಟನೆಯವ. ಆದರೆ ಅವನು ಹುಟ್ಟಿದ್ದು ಏಳನೆಯವನಾಗಿ. ನಮ್ಮ ಸಾ ಡೆಕ್ ಊರಿನ ಕಡೆ ಚೊಚ್ಚಲ ಮಗುವನ್ನು ಯಾರೂ ಮೊದಲನೆಯದು ಅನ್ನುವುದಿಲ್ಲ, ಎರಡನೆಯದು ಅನ್ನುತ್ತೇವೆ. ಮೊದಲ ಮಗುವನ್ನು ಹುಡುಕಿಕೊಂಡು ಬರುವ ದೆವ್ವಗಳು ಬೆಪ್ಪಾಗಿ ವಾಪಸು ಹೋಗಲಿ ಅಂತ. ಹಾಗೆ ಹುಟ್ಟಿದ ದಿನದಿಂದಲೇ ಒಂದು ಸಣ್ಣ ಸುಳ್ಳನ್ನು ಹೆಸರು ಮಾಡಿಕೊಂಡು ತಿರುಗುತ್ತಿದ್ದ ಈ ಮನುಷ್ಯ, ತನ್ನ ಫೋಟೋ ಅಂಗಡಿಯ ಮೇಲೆ ‘ಇದ್ದದ್ದು ಇದ್ದ ಹಾಗೆ’ ಅಂತ ಬೋರ್ಡು ಬರೆಸಿದ್ದ. ಹಳದಿಯ ಮೇಲೆ ಕೆಂಪು ಅಕ್ಷರ. ಮಾರುಕಟ್ಟೆಯ ಸೇತುವೆಯ ಮೇಲೆ ನಿಂತರೂ ಕಾಣುತ್ತಿತ್ತು.

ಬೋರ್ಡು ಹೇಗೋ ಮನುಷ್ಯನೂ ಹಾಗೇ. ಮದುವೆ ಹೆಣ್ಣಿನ ಮೂಗಿನ ಮೇಲೆ ಮೊಡವೆ ಎದ್ದಿದ್ದರೆ ಫೋಟೋದಲ್ಲೂ ಎದ್ದಿರುತ್ತಿತ್ತು. “ಮಾಮ, ಇದೊಂದನ್ನ ಅಳಿಸಿಕೊಡಿ” ಅಂತ ಆ ಹುಡುಗಿ ಅಳುಮೋರೆ ಮಾಡಿದರೆ, “ಅಳಿಸೋಕೆ ನಾನ್ಯಾರಮ್ಮ? ಎಬ್ಬಿಸಿದವನನ್ನ ಕೇಳು” ಅನ್ನುವನು. ಸಹಕಾರ ಸಂಘದ ಅಧ್ಯಕ್ಷರಿಗೆ ಮುಂದಿನ ಹಲ್ಲೊಂದು ಬಿದ್ದಿತ್ತು. ದೊಡ್ಡ ಫೋಟೋ ಬೇಕು, ಹಲ್ಲೊಂದು ಬರೆದುಕೊಡು ಅಂದರು. “ನಾನು ಹಲ್ಲಿನ ಡಾಕ್ಟರಲ್ಲ” ಅಂದುಬಿಟ್ಟ. ಅಧ್ಯಕ್ಷರು ಬಾಯಿ ಮುಚ್ಚಿಕೊಂಡೇ ಫೋಟೋ ತೆಗೆಸಿಕೊಂಡರು. ಆಮೇಲೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ.

“ನಿಮ್ಮ ಸತ್ಯಾನ ಬಾಣಲೆಗೆ ಹಾಕಿ ಹುರಿದು ತಿನ್ನೋಕಾಗುತ್ತಾ?” ಅಂತ ಅವನ ಹೆಂಡತಿ ಹುವೆ ಕೇಳುತ್ತಿದ್ದಳು. ಕೇಳುವುದರಲ್ಲಿ ತಪ್ಪೇನಿದೆ, ಮನೆ ನಡೆಸುತ್ತಿದ್ದದ್ದು ಅವಳ ಅಕ್ಕಿ ಶಾವಿಗೆಯ ಗಾಡಿ. ಅಂಗಡಿ ಬಾಗಿಲಲ್ಲೇ ಬೆಳಗಿನಿಂದ ಹಂದಿ ಮೂಳೆಯ ಸಾರು ಕುದಿಯುತ್ತಿತ್ತು. ಫೋಟೋಗೆ ಬಂದವರು ಮುನಿಸಿಕೊಂಡು ಹೊರಟರೆ ಅವಳು ಒಂದು ಬಟ್ಟಲು ಸಾರು ಕೊಟ್ಟು ಸಮಾಧಾನ ಮಾಡುವಳು. ಫೋಟೋಗಿಂತ ಸಾರೇ ವಾಸಿ ಅಂತ ಊರಲ್ಲಿ ಮಾತಾಗಿತ್ತು.

ಈಚೆಗೆ ಎದುರು ಸಾಲಿನಲ್ಲಿ ಯೆನ್ ಅನ್ನುವ ಹುಡುಗಿ ಕಂಪ್ಯೂಟರ್ ಇಟ್ಟು ಫೋಟೋ ಅಂಗಡಿ ತೆಗೆದಿದ್ದಳು. ತೀರಿಹೋದವರಿಗೆ ಮನೆಯಲ್ಲಿ ಊದುಬತ್ತಿ ಹಚ್ಚುವ ಹಿರಿಯರ ಪೀಠಕ್ಕೆ ಇಡುವ ಫೋಟೋ ಮಾಡುವುದೇ ಅವಳ ಮುಖ್ಯ ಕಸುಬು. ಬರಿಮೈಯಲ್ಲಿ ಬಲೆ ಬೀಸುತ್ತಿದ್ದ ತಾತನ ಚಿತ್ರ ಕೊಟ್ಟರೆ ಸಂಜೆಗೆ ಅದೇ ತಾತ ಕೋಟು ಟೈ ಹಾಕಿ ಬ್ಯಾಂಕ್ ಮ್ಯಾನೇಜರನಾಗಿ ಚೌಕಟ್ಟಿನೊಳಗೆ ಕೂತಿರುತ್ತಿದ್ದ. ಜನ ಅವಳ ಅಂಗಡಿಗೆ ಮುಗಿಬೀಳುತ್ತಿದ್ದರು. ತಾಮ್‌ಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

“ಸತ್ತವರಿಗೂ ವೇಷ ಹಾಕ್ತೀಯಲ್ಲೇ, ನಿನಗೆ ಪಾಪ ತಟ್ಟಲ್ವಾ?” ಅಂತ ಒಂದು ದಿನ ಶಾವಿಗೆ ತಿನ್ನಲು ಬಂದವಳನ್ನು ಕೆಣಕಿದ.

“ನೀವು ಫೋಟೋ ತೆಗೆಯೋವಾಗ ‘ಗಲ್ಲ ಎತ್ತು, ಹೊಟ್ಟೆ ಒಳಗೆ ಎಳ್ಕೋ, ನಗು’ ಅಂತೀರಲ್ಲ ಮಾಮ, ಅದೇನು? ನಾನು ಬೆರಳಲ್ಲಿ ಮಾಡೋದನ್ನ ನೀವು ಬಾಯಲ್ಲಿ ಮಾಡ್ತೀರಿ. ನಾನು ಆಮೇಲೆ, ನೀವು ಮುಂಚೆ. ಅಷ್ಟೇ ವ್ಯತ್ಯಾಸ.”

ಹುವೆ ಸೌಟು ಹಿಡಿದುಕೊಂಡೇ ನಕ್ಕಳು. ತಾಮ್ ಮಾತ್ರ ನಗಲಿಲ್ಲ. ಹುಡುಗಿ ತಮಾಷೆಗೆ ಆಡಿದ ಮಾತು ಅವನಿಗೆ ಎಲ್ಲಿಗೋ ಹೋಗಿ ನಾಟಿತು. ಎಲ್ಲಿಗೆ ಅಂತ ಅವನೊಬ್ಬನಿಗೇ ಗೊತ್ತು. ಅವನು ತಿರುಗಿ ಅಂಗಡಿಯ ಗಾಜಿನ ಕಪಾಟಿನ ಕಡೆ ನೋಡಿದ, ನೋಡಿ ಕಣ್ಣು ತಗ್ಗಿಸಿದ.

ಆ ಕಪಾಟಿನ ನಟ್ಟನಡುವೆ ಒಂದು ಕಪ್ಪು ಬಿಳುಪು ಫೋಟೋ ಇತ್ತು. ಇಬ್ಬರು ಹೆಣ್ಣುಮಕ್ಕಳು ಸೇವಂತಿಗೆ ಬುಟ್ಟಿಗಳ ನಡುವೆ ಕೂತು ನಗುತ್ತಿದ್ದಾರೆ. ಎಂಥ ನಗು ಅಂತೀರಿ! ಹಿರಿಯಳು ಹೊಟ್ಟೆ ಹಿಡಿದುಕೊಂಡಿದ್ದಾಳೆ, ಕಿರಿಯಳ ಕಣ್ಣಲ್ಲಿ ನೀರೇ ಬಂದುಬಿಟ್ಟಿದೆ. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ, ಚಿತ್ರದ ಎಡ ಅಂಚಿನಾಚೆ ಏನನ್ನೋ ನೋಡಿ ನಗುತ್ತಿದ್ದಾರೆ. ಮುಖದ ಮೇಲೆ ಮೆತ್ತಗಿನ ಒಳ್ಳೆಯ ಬೆಳಕು. ಪ್ರಾಂತ್ಯದ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂದಿತ್ತು. ಬೋರ್ಡು ಬರೆಸಿದ್ದೂ ಆ ಬಹುಮಾನದ ಹುಮ್ಮಸ್ಸಿನಲ್ಲೇ. ಯಾರಾದರೂ “ಏನು ನೋಡಿ ನಗ್ತಿದ್ದಾರೆ?” ಅಂದರೆ ತಾಮ್ ಮಾತು ಮರೆಸುತ್ತಿದ್ದ. “ಮಕ್ಕಳಲ್ವಾ, ನಗ್ತಾರೆ” ಅನ್ನುತ್ತಿದ್ದ.

ಹೊಸ ವರ್ಷದ ಟೆಟ್ ಹಬ್ಬ ಹತ್ತಿರ ಬಂದ ಹೊತ್ತು. ಹೊಳೆಯ ತುಂಬ ಹೂವಿನ ದೋಣಿಗಳು. ಒಂದು ಬೆಳಿಗ್ಗೆ ಆ ಫೋಟೋದ ಕಿರಿಯ ಹುಡುಗಿ, ಈಗ ಎರಡು ಮಕ್ಕಳ ತಾಯಿ ಲಾಯ್, ತನ್ನ ಅಮ್ಮನ ಕೈ ಹಿಡಿದುಕೊಂಡು ಅಂಗಡಿಗೆ ಬಂದಳು. ಅಮ್ಮನ ಹೆಸರು ಚಿನ್. ಜೀವಮಾನವೆಲ್ಲ ಹೊಳೆದಂಡೆಯಲ್ಲಿ ಸೇವಂತಿಗೆ ಬೆಳೆದವಳು. ಬೆನ್ನು ಬಾಗಿತ್ತು, ಬಾಯಿ ಬಾಗಿರಲಿಲ್ಲ.

“ಏನೋ ತಾಮ್, ಇನ್ನೂ ಇದ್ದೀಯಾ? ನಿನ್ನ ಸಾರಿನ ವಾಸನೆ ಇಲ್ಲದಿದ್ರೆ ಅಂಗಡಿ ಮುಚ್ಚಿಬಿಟ್ಟಿದೀಯ ಅನ್ಕೋಬೇಕಿತ್ತು.”

“ಬನ್ನಿ ಚಿನ್ ಅಕ್ಕ, ಕೂತ್ಕೊಳ್ಳಿ” ಅಂದ ತಾಮ್. ಅವಳು ಬಂದಾಗಲೆಲ್ಲ ಅವನ ಧ್ವನಿ ಸಣ್ಣದಾಗುತ್ತಿತ್ತು.

ಚಿನ್ ಅಕ್ಕ ಕೂತಳು. ಕಪಾಟಿನ ಫೋಟೋ ನೋಡಿದಳು. ಆಮೇಲೆ ಬಂದ ವಿಷಯ ಹೇಳಿದಳು. ಲಾಯ್ ಇಟ್ಟಿಗೆ ಮನೆ ಕಟ್ಟಿಸಿದ್ದಾಳೆ. ಹಬ್ಬಕ್ಕೆ ಮುಂಚೆ ಹಿರಿಯರ ಪೀಠವನ್ನು ಹಳೆ ಮನೆಯಿಂದ ಅಲ್ಲಿಗೆ ಸಾಗಿಸಬೇಕು. ಗಂಡನ ಫೋಟೋ ಇದೆ. ಅತ್ತೆ ಮಾವನದೂ ಇದೆ. ನಡುವಿನ ಮಗಳು ಸೆನ್‌ಳದು ಇಲ್ಲ. ಹದಿಮೂರಕ್ಕೇ ಹೋದ ಹುಡುಗಿ. ಅವಳ ಊದುಬತ್ತಿ ಬಟ್ಟಲ ಹಿಂದೆ ಇಷ್ಟು ವರ್ಷ ಬರೀ ಗೋಡೆ.

“ಹೊಸ ಮನೇಲೂ ಅವಳಿಗೆ ಬರೀ ಗೋಡೆ ಕೊಡಲಾ ತಾಮ್? ಸತ್ತವರು ಮನೆ ಗುರುತು ಹಿಡಿಯೋದು ತಮ್ಮ ಮುಖ ನೋಡಿ ಅಂತಾರೆ. ಹೊಸ ಮನೆ, ಹೊಸ ಬೀದಿ. ಮುಖ ಇಲ್ದಿದ್ರೆ ನನ್ನ ಮಗಳು ಎಲ್ಲಿಗೆ ಬರ್ತಾಳೆ?”

ತಾಮ್ ಮೇಜಿನ ಮೇಲಿದ್ದ ಕತ್ತರಿಯನ್ನು ಪಕ್ಕಕ್ಕೆ ಸರಿಸಿದ.

“ಆ ದಿನ ನೀನು ನಮ್ಮನೆಗೆ ಬಂದಿದ್ಯಲ್ಲ, ಈ ಫೋಟೋ ತೆಗೆದ ದಿನ. ಮೂವರೂ ಇದ್ರು. ನಿನ್ನ ಹಳೆ ರೀಲಲ್ಲಿ ಎಲ್ಲಾದ್ರೂ ಅವಳು ಬಿದ್ದಿದ್ದಾಳಾ ನೋಡು ಅಂತ ಕೇಳೋಣ ಅಂತ ಬಂದೆ.”

“ಇಲ್ಲ ಅಕ್ಕ” ಅಂದ. “ಮುಖ ಬಿದ್ದಿಲ್ಲ.”

“ಹಾಗಾದ್ರೆ ಎದುರಿನ ಹುಡುಗಿ ಮಾಡ್ತಾಳಂತೆ. ಇವರಿಬ್ಬರ ಮುಖ ಸೇರಿಸಿ ಒಂದು ಮಾಡ್ತೀನಿ ಅಂದ್ಲು. ಆದ್ರೆ ಹತ್ತಿರ ಕೂತು ಸರಿ ತಪ್ಪು ಹೇಳೋರು ಬೇಕಂತೆ.” ಮುದುಕಿ ಮಗಳ ಕಡೆ ನೋಡಿ, ಮತ್ತೆ ಇವನ ಕಡೆ ನೋಡಿದಳು. “ನನಗೆ ಅವಳ ಮುಖ ಮರೆತುಹೋಗಿದೆ ತಾಮ್. ಹೆತ್ತವಳು ನಾನು. ಕಣ್ಣು ಮುಚ್ಚಿದ್ರೆ ಜಡೆ ಕಾಣುತ್ತೆ, ಲಂಗ ಕಾಣುತ್ತೆ, ಮುಖ ಬರೋದೇ ಇಲ್ಲ. ದೊಡ್ಡ ಮಗಳು ಕುಕ್‌ಗೆ ಫೋನ್ ಮಾಡಿದ್ರೆ ದುಂಡು ಮುಖ ಅಂತಾಳೆ. ಇವಳು ಉದ್ದ ಮುಖ ಅಂತಾಳೆ. ನೀನು ಫೋಟೋದವನು, ಕಂಡಿದ್ದನ್ನ ಕಂಡ ಹಾಗೇ ಹಿಡಿಯೋನು. ನೀನು ಬಂದು ಕೂತ್ಕೋ.”

ಬೇರೆ ಯಾರು ಕರೆದಿದ್ದರೂ ‘ಆ ವೇಷದಂಗಡಿಗೆ ನಾನು ಕಾಲಿಡಲ್ಲ’ ಅಂತಿದ್ದ. ಚಿನ್ ಅಕ್ಕನಿಗೆ ಹಾಗೆ ಹೇಳುವ ಮುಖ ಅವನಿಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅವರ ಹಿಂದೆ ರಸ್ತೆ ದಾಟಿದ. ಹುವೆ ಸೌಟು ಬಿಟ್ಟು ಬೆರಗಾಗಿ ನೋಡುತ್ತ ನಿಂತಳು.

ಯೆನ್ ಕೆಲಸದಲ್ಲಿ ಚುರುಕು. ಕುಕ್‌ಳ ಹಣೆ ತೆಗೆದುಕೊಂಡಳು, ಲಾಯ್‌ಳ ಮೂಗು ತೆಗೆದುಕೊಂಡಳು, ತೀರಿಹೋದ ಅಪ್ಪನ ಹಳೆ ಫೋಟೋದಿಂದ ಗಲ್ಲ ತಂದಳು. ಪರದೆಯ ಮೇಲೆ ನೋಡನೋಡುತ್ತ ಒಂದು ಹುಡುಗಿ ಎದ್ದು ಬಂದಳು. “ಕೂದಲು ಹೇಗಿತ್ತು ಅಜ್ಜಿ?” ಅಂದಳು. ಚಿನ್ ಅಕ್ಕ “ಎರಡು ಜಡೆ, ಸೊಂಟದವರೆಗೆ” ಅಂದಳು. ಯೆನ್ ಎರಡು ಜಡೆ ಇಳಿಬಿಟ್ಟಳು. ಬಿಳಿ ಅಂಗಿ ತೊಡಿಸಿದಳು. ಚೆಲುವೆ ಹುಡುಗಿ. ಯಾರ ಮನೆಯ ಪೀಠದ ಮೇಲಿಟ್ಟರೂ ಒಪ್ಪುವಂಥವಳು.

ಮುದುಕಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು.

“ತಾಮ್, ಹೇಳು. ಇವಳೇನಾ?”

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮುದುಕಿ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದಳು. ಹೊಸ ಪೀಠದ ಮೇಲೆ ಒಂದು ಮುಖ ಇರುತ್ತಿತ್ತು. ಅವನ ಹೊಟ್ಟೆಯೊಳಗಿನದು ಹೊಟ್ಟೆಯೊಳಗೇ ಉಳಿದು ಅವನ ಜೊತೆಗೇ ಸುಟ್ಟುಹೋಗುತ್ತಿತ್ತು. ಬಾಯಿ ತೆರೆದೂ ತೆರೆದ. ಆದರೆ ಹೂಂ ಅನ್ನಲು ಆ ಹುಡುಗಿಯ ಮುಖ ನೆನಪು ಮಾಡಿಕೊಳ್ಳಬೇಕಲ್ಲ. ಅವನು ಆ ದಿನಕ್ಕೆ ಹಿಂತಿರುಗಿ ಹುಡುಕಿದ.

ಎಲ್ಲವೂ ರೇಷನ್ನಿನಲ್ಲಿ ಸಿಗುತ್ತಿದ್ದ ಕಾಲ ಅದು. ಪೂರ್ವ ಜರ್ಮನಿಯ ರೀಲು ಯಾರದೋ ಕೈ ದಾಟಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆವತ್ತು ಕ್ಯಾಮೆರಾದಲ್ಲಿ ಎರಡೇ ಎರಡು ಚಿತ್ರಕ್ಕಾಗುವಷ್ಟು ರೀಲು ಉಳಿದಿತ್ತು. ಪ್ರದರ್ಶನಕ್ಕೆ ಒಂದು ಒಳ್ಳೆಯ ಚಿತ್ರ ಬೇಕು ಅಂತ ಹಬ್ಬದ ಮುಂಚೆ ದೋಣಿಯಲ್ಲಿ ಹೂದೋಟಗಳ ಕಡೆ ಹೋಗಿದ್ದ. ಚಿನ್ ಅಕ್ಕನ ಮನೆಯ ಕಟ್ಟೆಯ ಮೇಲೆ ಸೇವಂತಿಗೆ ಬುಟ್ಟಿಗಳ ಮಧ್ಯೆ ಮೂವರು ಹುಡುಗಿಯರು. “ನಮ್ಮ ಮೂವರದೂ ತೆಗೀರಿ ಮಾಮ!” ಅಂತ ಕುಣಿದರು.

ಮೂವರನ್ನು ಒಂದೇ ಫೋಟೋದಲ್ಲಿ ತೆಗೆಯುವುದಿಲ್ಲ ನಮ್ಮಲ್ಲಿ. ನಡುವೆ ಕೂತವರು ಬೇಗ ಹೋಗಿಬಿಡುತ್ತಾರೆ ಅಂತ ನಂಬಿಕೆ. ಅದಕ್ಕೆ ಉಪಾಯವೂ ಎಲ್ಲರಿಗೂ ಗೊತ್ತಿದೆ. ಒಂದು ಬೊಂಬೆಯನ್ನೋ ನಾಯಿಮರಿಯನ್ನೋ ಜೊತೆಗೆ ಕೂರಿಸಿ ನಾಲ್ಕು ಮಾಡಿಕೊಳ್ಳುವುದು. ಚಿನ್ ಅಕ್ಕ ಬೊಂಬೆ ತರಲು ಒಳಗೂ ಹೋಗಿದ್ದಳು. ತಾಮ್ ಬೇಡ ಅಂದ. “ಬೊಂಬೆ ಮನುಷ್ಯರಾ ಅಕ್ಕ? ಇಲ್ಲದ್ದನ್ನ ನಾನು ತೆಗೆಯಲ್ಲ. ನಡುವಿನವಳು ಈ ಕಡೆ ಬರಲಿ, ಇಬ್ಬರದು ತೆಗೀತೀನಿ.”

ಊರಿಗೆ ಹೇಳಿದ ಕಾರಣ ಇದು. ನಿಜವಾದ ಕಾರಣ ಬೇರೆ ಇತ್ತು. ಸೆನ್‌ಗೆ ತಲೆ ತುಂಬ ಹುಣ್ಣಾಗಿ ಕೂದಲು ಬೋಳಿಸಿದ್ದರು. ಬೋಳು ತಲೆಗೆ ನೇರಳೆ ಬಣ್ಣದ ಔಷಧಿ ಬಳಿದಿತ್ತು. ಅಲ್ಲಲ್ಲಿ ಇಳಿದು ಕಿವಿಯವರೆಗೂ ಬಂದಿತ್ತು. ಅದನ್ನು ನೋಡಿದ ಕೂಡಲೇ ತಾಮ್‌ನ ಮನಸ್ಸು ‘ಛೆ, ಚಿತ್ರ ಕೆಡುತ್ತೆ’ ಅಂದಿತ್ತು. ಸೂರ್ಯ ಹುಡುಗಿಯರ ಬೆನ್ನಿಗಿದ್ದ, ಮುಖ ಕಪ್ಪಾಗುತ್ತಿತ್ತು. ಬಟ್ಟೆ ಒಗೆಯುವ, ಬಿಳಿ ಪಿಂಗಾಣಿ ಬಳಿದ ಕಬ್ಬಿಣದ ಬೋಗುಣಿಯೊಂದು ಪಕ್ಕದಲ್ಲಿ ಬಿದ್ದಿತ್ತು. “ಮಗಾ, ಆ ಬೋಗುಣಿ ಎತ್ಕೊಂಡು ಇಲ್ಲಿ ನಿಂತು ಅಕ್ಕ ತಂಗಿ ಮುಖಕ್ಕೆ ಬಿಸಿಲು ಹೊಡಿ. ನಾನು ಹೇಳೋವರೆಗೂ ಇಳಿಸಬೇಡ” ಅಂದ. “ನಂದು?” ಅಂದಳು ಹುಡುಗಿ. “ಬರೋ ಟೆಟ್‌ಗೆ ಕೂದಲು ಬರಲಿ, ನಿನ್ನೊಬ್ಬಳದೇ ತೆಗೀತೀನಿ” ಅಂದ.

ಅವಳು ಅಳುವ ಜಾತಿಯಲ್ಲ. ಬೋಗುಣಿಯನ್ನು ಮುಖದ ಮುಂದೆ ಹಿಡಿದು, ಹಳ್ಳಿಯ ಧ್ವನಿವರ್ಧಕದಲ್ಲಿ ಬೆಳಬೆಳಿಗ್ಗೆ ಕೂಗುವ ಹೆಂಗಸಿನ ಸ್ವರದಲ್ಲಿ ಶುರು ಮಾಡಿದಳು: “ಮಾನ್ಯ ಸಂಗಾತಿಗಳೇ, ಇವತ್ತು ರೇಷನ್ನಿನಲ್ಲಿ ಸಕ್ಕರೆ ಇಲ್ಲ, ಸೋಪು ಇಲ್ಲ, ಸೀಮೆಎಣ್ಣೆ ಇಲ್ಲ, ನನ್ನ ತಲೆ ಮೇಲೆ ಕೂದಲೂ ಇಲ್ಲ!” ಅಕ್ಕ ತಂಗಿ ಬಿದ್ದು ಬಿದ್ದು ನಕ್ಕರು. ತಾಮ್ ಒತ್ತಿದ. ಬಹುಮಾನ ಬಂದದ್ದು ಆ ನಗುವಿಗೆ, ಆ ಬೆಳಕಿಗೆ. ಎರಡನ್ನೂ ಕೊಟ್ಟವಳು ಚಿತ್ರದಲ್ಲಿ ಇಲ್ಲ.

ಇನ್ನೊಂದು ಚಿತ್ರಕ್ಕಾಗುವಷ್ಟು ರೀಲು ಉಳಿದಿತ್ತಲ್ಲ, ಅದನ್ನಾದರೂ ಅವಳಿಗೆ ಖರ್ಚು ಮಾಡಬಹುದಿತ್ತು. ಮಾಡಲಿಲ್ಲ. ಒಂದು ಸೇವಂತಿಗೆ ಕುಂಡ ಚೆನ್ನಾಗಿ ಅರಳಿತ್ತು, ಅದನ್ನು ತೆಗೆದ. “ಮಾಮ, ಇಳಿಸ್ಲಾ?” ಅಂದಳು. “ಹಿಡ್ಕೊಂಡಿರು” ಅಂದ, ಕುಂಡಕ್ಕೂ ಬೆಳಕು ಬೇಕಿತ್ತು. ಆಮೇಲೆ ರೀಲು ಮುಗಿಯಿತು, ಕ್ಯಾಮೆರಾ ಚೀಲಕ್ಕೆ ಹಾಕಿದ, ದೋಣಿ ಹತ್ತಿದ. ಅವಳಿಗೆ ಇಳಿಸು ಅಂತ ಹೇಳಿದನೋ ಇಲ್ಲವೋ, ಇವತ್ತಿಗೂ ನೆನಪಿಲ್ಲ. ಆ ವರ್ಷದ ನೆರೆಯಲ್ಲಿ ಡೆಂಗಿ ಜ್ವರ ಬಂದು ಹುಡುಗಿ ಹೋಯಿತು. ಫೋಟೋದಲ್ಲಿ ನಡುವೆ ಕೂರದಿದ್ದರೂ ನಡುವಿನವಳೇ ಹೋದಳು ಅಂತ ಊರು ಮರುಗಿತು. ತಾಮ್ ಚಿತ್ರ ಹಿಗ್ಗಿಸಿ ಪ್ರದರ್ಶನಕ್ಕೆ ಕಳಿಸಿದ.

ಇಷ್ಟೆಲ್ಲ ನೆನಪಿದೆ. ಬೋಗುಣಿ ನೆನಪಿದೆ, ನೇರಳೆ ಬಣ್ಣ ಕಿವಿಗೆ ಇಳಿದದ್ದು ನೆನಪಿದೆ, ಅವಳು ಅಣಕಿಸಿದ ಒಂದೊಂದು ಮಾತೂ ನೆನಪಿದೆ. ಮುಖ? ಎಷ್ಟು ಹುಡುಕಿದರೂ ಅಲ್ಲಿ ಬೋಳು ತಲೆಯೇ ಬಂದು ನಿಲ್ಲುತ್ತಿತ್ತು. ಅದರ ಕೆಳಗಿದ್ದ ಮುಖವನ್ನು ಅವನು ನೋಡಿಯೇ ಇರಲಿಲ್ಲ.

“ಏನೋ, ನಾಲಿಗೆ ನುಂಗ್ಕೊಂಡ್ಯಾ? ಇವಳೇನಾ ಅಂದೆ” ಅಂದಳು ಚಿನ್ ಅಕ್ಕ.

“ಅಲ್ಲ ಅಕ್ಕ.”

“ಮತ್ತೆ ಹೇಗಿದ್ಲು?”

“ಗೊತ್ತಿಲ್ಲ.” ತಾಮ್ ಪರದೆಯಿಂದ ಕಣ್ಣು ತೆಗೆದ. “ನಾನು ಅವಳ ಮುಖ ನೋಡ್ಲೇ ಇಲ್ಲ.”

ಯೆನ್ ಮೌಸ್ ಮೇಲಿಟ್ಟ ಕೈ ತೆಗೆದು ಅವನನ್ನೇ ನೋಡಿದಳು. ಲಾಯ್‌ಗೆ ಸಿಟ್ಟು ಬಂತು. “ಅದೇನು ಮಾಮ ಹಾಗಂದ್ರೆ? ಅರ್ಧ ದಿನ ನಮ್ಮನೇಲಿದ್ರಿ, ಅಮ್ಮ ಮಾಡಿದ ಅಂಟಕ್ಕಿ ಕಡುಬು ತಿಂದ್ರಿ!”

“ತಿಂದೆ ಕಣಮ್ಮ. ಬಂದು ನೋಡಿ, ತೋರಿಸ್ತೀನಿ” ಅಂತ ಎದ್ದು ಹೊರಟುಬಿಟ್ಟ.

ಅಂಗಡಿಯ ಹಿಂದಿನ ಕತ್ತಲೆ ಕೋಣೆಗೆ ಹೋಗಿ ಹಳೆ ಬಿಸ್ಕತ್ತಿನ ಡಬ್ಬಿ ಇಳಿಸಿದ. ಆ ನೆಗೆಟಿವ್ ಹುಡುಕಬೇಕಾಗಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಕಾಗದದಲ್ಲಿ ಸುತ್ತಿ, ಕಾಣದ ಹಾಗೆ ತಾನೇ ಇಟ್ಟಿದ್ದ. ಹಿಗ್ಗಿಸುವ ಯಂತ್ರಕ್ಕೆ ಹಾಕಿ, ಮೊದಲ ಸಲ ಅಂಚಿನಿಂದ ಅಂಚಿಗೆ ಪೂರ್ತಿ ಅಚ್ಚು ತೆಗೆದ. ಔಷಧಿ ನೀರಿನೊಳಗೆ ಕಾಗದದ ಮೇಲೆ ಅಕ್ಕ ತಂಗಿಯರ ನಗು ಮೂಡಿತು. ಅದರ ಜೊತೆಗೇ ಎಡ ಅಂಚಿನಲ್ಲಿ, ಇಷ್ಟು ವರ್ಷ ಅವನು ಕತ್ತರಿಸಿ ಎಸೆಯುತ್ತಿದ್ದ ಪಟ್ಟಿಯಲ್ಲಿ, ಬಿಳಿ ಬೋಗುಣಿಯ ಅರ್ಧ, ಅದರ ಅಂಚು ಹಿಡಿದ ನಾಲ್ಕು ಬೆರಳು, ಒಂದು ಸಣಕಲು ಮೊಣಕೈ ಮೂಡಿದವು. ಮುಖ ಬೋಗುಣಿಯ ಹಿಂದೆ.

ಒದ್ದೆ ಕಾಗದವನ್ನೇ ಹಿಡಿದುಕೊಂಡು ಹೊರಗೆ ಬಂದ. ಚಿನ್ ಅಕ್ಕ, ಲಾಯ್, ಯೆನ್ ಮೂವರೂ ಶಾವಿಗೆ ಗಾಡಿಯ ಮುಂದೆ ಕೂತಿದ್ದರು. ಹುವೆ ಬಟ್ಟಲು ಕೊಟ್ಟಿದ್ದಳು, ಯಾರೂ ಮುಟ್ಟಿರಲಿಲ್ಲ. ತಾಮ್ ಕಾಗದವನ್ನು ಮುದುಕಿಯ ಮುಂದಿಟ್ಟು ನಿಂತೇ ಇದ್ದ.

“ಅಕ್ಕ, ನಾನೊಂದು ಹೇಳಬೇಕು. ಆವತ್ತು ಮೂವರದು ಬೇಡ ಅಂದಿದ್ದು ಆ ನಂಬಿಕೆಗೆ ಅಲ್ಲ. ಸೆನ್ ತಲೆ...”

“ಹುಣ್ಣಾಗಿತ್ತು. ನೋಡೋಕೆ ಅಸಹ್ಯವಾಗಿತ್ತು. ಅದಕ್ಕೇ ನೀನು ಆಚೆ ನಿಲ್ಲಿಸ್ದೆ” ಅಂದಳು ಚಿನ್ ಅಕ್ಕ.

ತಾಮ್ ತಲೆ ಎತ್ತಿ ಅವಳನ್ನು ನೋಡಿದ.

“ನನಗೆ ಗೊತ್ತಿಲ್ಲ ಅನ್ಕೊಂಡಿದ್ಯಾ? ಬೋಳಿಸಿದ್ದು ಇದೇ ಕೈ. ಬೊಂಬೆ ತರೋಕೆ ಒಳಗೆ ಹೋದೆನಲ್ಲ, ಬೊಂಬೆ ಕೈಯಲ್ಲೇ ಇತ್ತು. ಬಾಗಿಲಲ್ಲಿ ನಿಂತು ನೋಡ್ದೆ. ನೀನು ಅವಳನ್ನ ಆಚೆ ಕರೆದೆ. ಅಪ್ಪಾ, ಸದ್ಯ, ಫೋಟೋದಲ್ಲಿ ಈ ತಲೆ ಬರಲ್ಲ ಅಂತ ನನಗೂ ಹಗುರಾಯ್ತು. ಬೊಂಬೆ ಅಲ್ಲೇ ಬಿಟ್ಟು ಬಂದೆ. ಬರೋ ವರ್ಷ ಜಡೆ ಬಂದ ಮೇಲೆ ತೆಗೆಸಿದರಾಯ್ತು ಅಂತ.” ಮುದುಕಿ ಯೆನ್ ಕಡೆ ಕೈ ತೋರಿಸಿದಳು. “ಆ ಹುಡುಗಿ ಹತ್ರ ಎರಡು ಜಡೆ ಅಂದೆನಲ್ಲ ಈಗ. ಸತ್ತ ಮೇಲೂ ನಾಚಿಕೆ ಬಿಡಲಿಲ್ಲ ನನಗೆ.”

ಬೈದಿದ್ದರೆ ತಾಮ್‌ಗೆ ಹಗುರಾಗುತ್ತಿತ್ತು. ಕೆನ್ನೆಗೆ ಎರಡು ಬಾರಿಸಿದ್ದರೂ ಸರಿಯೇ. ಅವಳು ಪಾಲು ತೆಗೆದುಕೊಂಡಳು, ಅವನ ಭಾರ ಕಡಿಮೆಯಾಗುವ ಬದಲು ಎರಡಾಯಿತು.

ಚಿನ್ ಅಕ್ಕ ಕಾಗದ ಕೈಗೆತ್ತಿಕೊಂಡಳು. ನಗುವ ಇಬ್ಬರು ಮಕ್ಕಳನ್ನು ದಾಟಿ ಅವಳ ಕಣ್ಣು ಅಂಚಿಗೆ ಹೋಯಿತು. ಹೋದದ್ದೇ ತಡ, ಮುದುಕಿ ಜೋರಾಗಿ ಕೂಗಿದಳು, ರಸ್ತೆಯವರೂ ತಿರುಗಿ ನೋಡುವ ಹಾಗೆ.

“ಅಯ್ಯೋ, ಕಿರುಬೆರಳು ನೋಡೇ ಲಾಯ್! ದೋಣಿಗೂ ಕಟ್ಟೆಗೂ ನಡುವೆ ಸಿಕ್ಕಿ ಮುರಿದಿತ್ತಲ್ಲ, ಸೊಟ್ಟಗೆ ಕೂಡ್ಕೊಂಡಿತ್ತಲ್ಲ! ಎಷ್ಟು ಬೈದರೂ ಉಗುರು ಕಡಿಯೋದು ಬಿಡ್ತಿರಲಿಲ್ಲ, ನೋಡು, ಕಡಿದಿದ್ದಾಳೆ. ಮುಂಗೈ ಮೇಲೆ ಕಲೆ ನೋಡು, ತಲೆ ಔಷಧಿ ಒರೆಸ್ಕೊಂಡಿದ್ದಾಳೆ ಹಡಬೆ!”

ಅವಳು ಅಳುತ್ತಿದ್ದಳು, ನಗುತ್ತಿದ್ದಳು, ಎರಡೂ ಒಟ್ಟಿಗೇ. ಮುಖ ಮರೆತವಳಿಗೆ ಕೈ ಮರೆತಿರಲಿಲ್ಲ. ಆ ಕೈಯನ್ನು ಅವಳು ಎಷ್ಟು ಸಲ ತೊಳೆದಿದ್ದಳೋ, ಎಷ್ಟು ಸಲ ಬಡಿದಿದ್ದಳೋ.

“ಇದೇ ಪೀಠಕ್ಕೆ” ಅಂದಳು.

“ಅಮ್ಮಾ, ನಾವಿಬ್ಬರೂ ಇನ್ನೂ ಗುಂಡುಕಲ್ಲಿನ ಹಾಗಿದ್ದೀವಿ” ಅಂತ ಲಾಯ್ ಮೂಗೊರೆಸಿಕೊಂಡಳು. “ಬದುಕಿರೋರ ಫೋಟೋ ಹಿರಿಯರ ಪೀಠದ ಮೇಲೆ ಇಡ್ತಾರಾ? ಅಕ್ಕನಿಗೆ ಗೊತ್ತಾದ್ರೆ ದೋಣಿ ಹತ್ತಿ ಬಂದು ಜಗಳ ಆಡ್ತಾಳೆ.”

ಅದೂ ನಿಜ. ಬದುಕಿದ್ದವರನ್ನು ಸತ್ತವರ ಜೊತೆ ಕೂರಿಸುವಂತಿಲ್ಲ.

ಚಿನ್ ಅಕ್ಕ ಕಾಗದವನ್ನು ತಾಮ್‌ನ ಕೈಗೆ ಕೊಟ್ಟಳು. “ಕತ್ತರಿಸೋದು ನಿನಗೆ ಬರುತ್ತಲ್ಲ” ಅಂದಳು. ಚುಚ್ಚಿ ಆಡಿದಳೋ, ಸುಮ್ಮನೆ ಆಡಿದಳೋ, ಅವಳ ಮುಖ ನೋಡಿದರೆ ತಿಳಿಯಲಿಲ್ಲ.

ತಾಮ್ ಕತ್ತರಿ ತಂದ. ಕಾಗದಕ್ಕೆ ತಾಗಿಸಿದ, ಮತ್ತೆ ಹಿಂದೆ ತೆಗೆದ. ಯೆನ್ “ಕೊಡಿ ಮಾಮ, ಕಂಪ್ಯೂಟರಲ್ಲಿ ನೀಟಾಗಿ ಮಾಡ್ತೀನಿ” ಅಂದಳು. ಅವನು ತಲೆಯಾಡಿಸಿದ. ಹಿಂದೆ ಯಾವ ಗೆರೆಯ ಮೇಲೆ ಕತ್ತರಿಸಿದ್ದನೋ ಅದೇ ಗೆರೆಯ ಮೇಲೆ ಕತ್ತರಿ ಆಡಿಸಿದ. ಬಹುಮಾನ ಬಂದ ನಗು ಈಗ ಚೂರಾಗಿ ಮೇಜಿನ ಮೇಲೆ ಬಿತ್ತು. ಎಸೆಯುವ ಪಟ್ಟಿ ಅವನ ಕೈಯಲ್ಲಿ ಉಳಿಯಿತು. ಆಮೇಲೆ ಅಷ್ಟನ್ನೇ ಹಿಗ್ಗಿಸಿ ಇನ್ನೊಂದು ಅಚ್ಚು ತೆಗೆದು ಕಪ್ಪು ಚೌಕಟ್ಟು ಹಾಕಿದ. ಕಾಳು ಕಾಳಾಗಿ ಬಂತು, ಆದರೂ ಕಿರುಬೆರಳು ಸ್ಪಷ್ಟವಾಗಿತ್ತು.

“ಈಗ ಇದು ಇದ್ದದ್ದು ಇದ್ದ ಹಾಗೇನಾ ಮಾಮ?” ಅಂತ ಯೆನ್ ಮೆಲ್ಲಗೆ ಕೇಳಿದಳು. ಈ ಸಲ ಕೆಣಕಲು ಕೇಳಿದ್ದಲ್ಲ.

“ನಾನು ಇರಲಿ ಅಂದಷ್ಟೇ ಇದೆ ಕಣಮ್ಮ. ಯಾವತ್ತೂ ಅಷ್ಟೇ ಇತ್ತು” ಅಂದ. ಬೋರ್ಡು ಕಿತ್ತುಹಾಕಲು ಏಣಿ ಹುಡುಕಿದ. “ಹಬ್ಬದ ಮುಂದೆ ಬಿದ್ದು ಸೊಂಟ ಮುರ್ಕೋಬೇಡಿ” ಅಂತ ಹುವೆ ಏಣಿ ಕೊಡಲಿಲ್ಲ. ಸುಣ್ಣ ಕಲಸಿ, ಮಾರುಕಟ್ಟೆಯಲ್ಲಿ ಬುಟ್ಟಿ ಹೊರುವವನೊಬ್ಬನಿಗೆ ಹೇಳಿ ಅಕ್ಷರಗಳ ಮೇಲೆ ಬಳಿಸಿದಳು. ಸುಣ್ಣ ತೆಳ್ಳಗಾಗಿತ್ತು, ಬಿಸಿಲು ಬಿದ್ದಾಗ ಕೆಂಪು ಈಗಲೂ ಒಳಗಿನಿಂದ ಕಾಣುತ್ತದೆ.

ಹಬ್ಬಕ್ಕೆ ಮುಂಚೆ ಚಿನ್ ಅಕ್ಕ ಹೇಳಿಕಳಿಸಿದಳು. ತಾಮ್ ಹೋಗಲು ಹಿಂಜರಿದ. ಹುವೆ ಬೈದು ಅಂಗಿ ಇಸ್ತ್ರಿ ಮಾಡಿಕೊಟ್ಟಳು. ಹೊಸ ಮನೆಯಲ್ಲಿ ಇನ್ನೂ ಸಿಮೆಂಟಿನ ವಾಸನೆ. ಪೀಠದ ಮೇಲೆ ಹಣ್ಣಿನ ತಟ್ಟೆ, ಹಳದಿ ಸೇವಂತಿಗೆ, ಅತ್ತೆ, ಮಾವ, ಗಂಡ. ಅವರ ಪಕ್ಕ ಆ ಚೌಕಟ್ಟು. ಮೂರು ಗಂಭೀರ ಮುಖಗಳ ಸಾಲಿನಲ್ಲಿ ಬೋಗುಣಿ ಹಿಡಿದ ನಾಲ್ಕು ಬೆರಳು. ಬಂದ ನೆಂಟರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಯಾರು ಕೇಳಿದರೂ ಚಿನ್ ಅಕ್ಕ “ನನ್ನ ಮಗಳು” ಅನ್ನುತ್ತಿದ್ದಳು, ಬೇರೆ ವಿವರ ಕೊಡುತ್ತಿರಲಿಲ್ಲ.

ನೆಂಟರು ಊಟಕ್ಕೆ ಎದ್ದ ಮೇಲೆ ಮುದುಕಿ ತಾಮ್‌ನ ತೋಳು ಹಿಡಿದು ಪೀಠದ ಮುಂದೆ ತಂದು ನಿಲ್ಲಿಸಿದಳು.

“ಎಷ್ಟು ವರ್ಷ ಆಯ್ತೋ ಇದು?”

“ಇಪ್ಪತ್ತು ದಾಟಿತು ಅಕ್ಕ.”

“ಇಷ್ಟು ವರ್ಷದಿಂದ ಎತ್ತಿ ಹಿಡ್ಕೊಂಡೇ ಇದ್ದಾಳೆ. ಭಾರದ ಬೋಗುಣಿ ಅದು, ನನ್ನ ಮದುವೇಲಿ ಕೊಟ್ಟಿದ್ದು. ಆವತ್ತು ನೀನು ದೋಣಿ ಹತ್ತಿ ಹೋದೆ. ಇವಳು ಇನ್ನೂ ಕಟ್ಟೆ ಮೇಲೆ ಹಿಡ್ಕೊಂಡು ನಿಂತಿದ್ಲು. ಇಳಿಸೇ ಅಂದೆ ನಾನು. ‘ಫೋಟೋ ಮಾಮ ಇನ್ನೂ ಹೇಳಿಲ್ಲ’ ಅಂದ್ಲು.”

ತಾಮ್ ಮುಖ ಮುಚ್ಚಿಕೊಂಡ. ಮುದುಕಿ ಅವನ ಕೈ ಬಿಡಿಸಿ ಊದುಬತ್ತಿ ಕೊಟ್ಟಳು.

“ಅಳೋದು ಆಮೇಲೆ ಅಳು. ಮೊದಲು ಹೇಳು ಅವಳಿಗೆ. ನನ್ನ ಮಾತು ಕೇಳಲ್ಲ ಅವಳು.”

ಊದುಬತ್ತಿಯ ಹೊಗೆ ಚೌಕಟ್ಟಿನ ಮುಂದೆ ಏಳುತ್ತಿತ್ತು. ತಾಮ್ ಊದುಬತ್ತಿಯನ್ನು ಬಟ್ಟಲಲ್ಲಿ ಸಿಕ್ಕಿಸಿ ಕೈ ಜೋಡಿಸಿದ.

“ಆಯ್ತು ಮಗಾ” ಅಂದ. “ಸಾಕು. ಇಳಿಸು.”